ಮಸಲ್ ಕಾರಿಗೆ ತಿರುವು ಒಗ್ಗಲ್ಲ ಅನ್ನೋದು ನಿಜವೇ?

‘ಅಮೆರಿಕದ ಮಸಲ್ ಕಾರು ನೇರ ರಸ್ತೆಯಲ್ಲಿ ಹುಲಿ, ತಿರುವಿನಲ್ಲಿ ಇಲಿ’ ಎಂಬ ಮೆಸೇಜು ವಾಟ್ಸಾಪ್‌ನಲ್ಲಿ ಮತ್ತೆ ಮತ್ತೆ ಬರುತ್ತದೆ. ಮಸಲ್ ಕಾರು ಅಂದರೆ ಭಾರೀ ಶಕ್ತಿಯ ಎಂಜಿನ್ ಇರುವ ಅಮೆರಿಕನ್ ಕಾರು. ಈ ಮಾತು ಸುಮ್ನೆ ಹುಟ್ಟಿದ್ದಲ್ಲ. 1960ರ ದಶಕದ ಮಸಲ್ ಕಾರುಗಳಲ್ಲಿ ದೊಡ್ಡ ವಿ8 (ಎಂಟು ಸಿಲಿಂಡರಿನ) ಎಂಜಿನ್ ಇತ್ತು. ಆದರೆ ಹೆಚ್ಚಿನವಕ್ಕೆ ಬೇಗ ಬಿಸಿಯಾಗಿ ಹಿಡಿತ ಕಳೆದುಕೊಳ್ಳುವ ಡ್ರಮ್ ಬ್ರೇಕು, ಕಿರಿದಾದ ಟೈರು. ತಿರುವು ಬಂದರೆ ತಡವರಿಸುತ್ತಿದ್ದವು.

ಆ ಕಾಲ ಹೋಯಿತು. ಷೆವರ್ಲೆ ಕಮಾರೊ ಝಡ್ಎಲ್1 1ಎಲ್ಇ ಎಂಬ ಮಸಲ್ ಕಾರನ್ನೇ ನೋಡಿ. 2017ರಲ್ಲಿ ಇದು ಜರ್ಮನಿಯ ನೂರ್‌ಬರ್ಗ್‌ರಿಂಗ್ ಟ್ರ್ಯಾಕನ್ನು 7 ನಿಮಿಷ 16.04 ಸೆಕೆಂಡಿನಲ್ಲಿ ಸುತ್ತಿತು. ಅದು ಕಾಡಿನ ನಡುವೆ ಏರುತ್ತಾ ಇಳಿಯುತ್ತಾ ಸಾಗುವ, 20 ಕಿ.ಮೀ.ಗೂ ಜಾಸ್ತಿ ಉದ್ದದ ಟ್ರ್ಯಾಕು. ಮೈತುಂಬಾ ತಿರುವುಗಳೇ. ಬರೀ ನೇರ ಓಟದ ಬಲದಿಂದ ಅಲ್ಲಿ ಇಂಥ ಸಮಯ ಬರೋದಿಲ್ಲ, ಅಲ್ವಾ?

650 ಹಾರ್ಸ್‌ಪವರ್ ಇದೆ, ನಿಜ. ಆದರೆ ನನಗೆ ಇಷ್ಟವಾಗೋದು ಟೈರು: ಮುಂದಿನದೇ 305 ಮಿ.ಮೀ. ಅಗಲ! ತಿರುವಿನಲ್ಲಿ ರಸ್ತೆಯನ್ನು ಕಚ್ಚಿ ಹಿಡಿಯೋದು ಅದೇ. ಹಿಂದಿನ ಕಾರ್ಬನ್ ಫೈಬರ್ ರೆಕ್ಕೆ ವೇಗ ಏರಿದಷ್ಟೂ ಕಾರನ್ನು ನೆಲಕ್ಕೆ ಅದುಮುತ್ತದೆ. ಇದೆಲ್ಲ ಗ್ಯಾರೇಜಿನಲ್ಲಿ ಹಾಕಿಸಿದ್ದಲ್ಲ, ಫ್ಯಾಕ್ಟರಿಯಿಂದಲೇ ಬಂದದ್ದು.

ಹಾಗಂತ ಎಲ್ಲ ಮಸಲ್ ಕಾರೂ ಹೀಗಲ್ಲ. 2018ರ ಡಾಡ್ಜ್ ಡೀಮನ್ ಅನ್ನು ಕಟ್ಟಿದ್ದೇ ನೇರ ಓಟದ ಡ್ರ್ಯಾಗ್ ರೇಸಿಗೆ.