ಕಪ್ಪು ಪಟ್ಟಿ ಇರಲಿ ಬಿಡಿ
ಹಳೇ ಸಿನಿಮಾ ಟಿವಿಯಲ್ಲಿ ನೋಡುವಾಗ ಮೇಲೆ ಕೆಳಗೆ ಬರುವ ಕಪ್ಪು ಪಟ್ಟಿ ವೇಸ್ಟು, ಝೂಮ್ ಮಾಡಿ ಅಂತ ಬರೆದಿದ್ದೀರಲ್ಲ, ಅದೊಂದು ಒಪ್ಪಲಾರೆ ಸಾರ್. 1953ರಲ್ಲಿ ಬಂದ ಅಗಲ ಪರದೆ ವಿಧಾನವಾದ ಸಿನಿಮಾಸ್ಕೋಪ್‌ನಲ್ಲಿ ಕ್ಯಾಮೆರಾ ಲೆನ್ಸು ಚಿತ್ರದ ಅಗಲವನ್ನು ಅರ್ಧಕ್ಕೆ ಹಿಂಡಿ ಫಿಲ್ಮಿಗೆ ಇಳಿಸುತ್ತಿತ್ತು, ಟಾಕೀಸಿನ ಪ್ರೊಜೆಕ್ಟರ್ ಲೆನ್ಸು ಅದನ್ನ ಮತ್ತೆ ಹಿಗ್ಗಿಸುತ್ತಿತ್ತು. ಆ 2.35:1 (ಎತ್ತರದ 2.35 ಪಟ್ಟು) ಅಗಲದ ಚಿತ್ರವನ್ನು ಪಟ್ಟಿ ಇಲ್ಲದೆ ಹಳೇ 4:3 ಟಿವಿಗೆ ತುಂಬಿಸಿದರೆ ನೂರಕ್ಕೆ 40ಕ್ಕಿಂತ ಜಾಸ್ತಿ ಕಟ್! ವಿರಾಜಪೇಟೆಯ ಅಜ್ಜಿ ಮನೆಯಲ್ಲಿ, ಹೊರಗೆ ಜಡಿಮಳೆ, ನಾವು ನೋಡಿದ್ದು ಅದನ್ನೇ. ಎಡಕ್ಕೆ ಹೀರೋ ಮೂಗು, ಬಲಕ್ಕೆ ಹೀರೋಯಿನ್ ಮೂಗು, ನಡುವೆ ಖಾಲಿ ಗೋಡೆ. ಟೈಟಲ್ ಬರುವಾಗ ಮಾತ್ರ ಹೆಸರು ತುಂಡಾಗಬಾರದು ಅಂತ ಹಿಂಡಿದ ಚಿತ್ರವನ್ನೇ ಬಿಡುತ್ತಿದ್ದರು, ಆಗ ಎಲ್ಲರೂ ತೋಟದ ಸಿಲ್ವರ್ ಮರದ ಹಾಗೆ ಉದ್ದ. ಈಗಿನ 16:9 ಟಿವಿಯಲ್ಲಿ ಝೂಮ್ ಒತ್ತಿದರೂ ಕಾಲು ಭಾಗ ಹೋಗುತ್ತದೆ, ಅಲ್ವಾ?