ಹದಿನಾಲ್ಕು ತುಂಬಿತು, ಇನ್ನು ಫೀಸ್ ಕಟ್ಟಿ

ನಮ್ಮ ಬೀದಿಯಲ್ಲಿ ಇಸ್ತ್ರಿ ಮಾಡುವವರ ಮಗಳು ಆರ್‌ಟಿಇ ಸೀಟಿನಲ್ಲಿ (ಶಿಕ್ಷಣ ಹಕ್ಕು ಕಾಯ್ದೆಯಡಿ ಬಡ ಮಕ್ಕಳಿಗೆ ಸಿಗುವ ಫ್ರೀ ಸೀಟು) ಒಂದು ಪ್ರೈವೇಟ್ ಶಾಲೆಗೆ ಹೋಗುತ್ತಿದ್ದಳು. ಎಂಟನೇ ಕ್ಲಾಸು ಮುಗಿದ ವಾರವೇ ಶಾಲೆಯಿಂದ ಚೀಟಿ ಬಂತು. ಒಂಬತ್ತಕ್ಕೆ ಪೂರ್ತಿ ಫೀಸ್ ಕಟ್ಟಿ, ಇಲ್ಲ ಟಿಸಿ ತಗೊಳ್ಳಿ. ಅವಳಪ್ಪ ಅದನ್ನು ಹಿಡಿದುಕೊಂಡು ಬಂದು "ಸಾರ್, ಎಸ್ಸೆಸ್ಸೆಲ್ಸಿವರೆಗೂ ಫ್ರೀ ಅಲ್ವಾ?" ಅಂತ ಕೇಳಿದರು. ಅಲ್ಲ. ಕಾನೂನೇ ಎಂಟಕ್ಕೆ ನಿಂತುಬಿಟ್ಟಿದೆ.

2002ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ಮಾಡಿ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ ಹಕ್ಕು ಅಂದರು, ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ. ದೊಡ್ಡ ಕೆಲಸವೇ, ಇಲ್ಲ ಅನ್ನಲ್ಲ. ಆದರೆ ಅದರ ಪಕ್ಕಕ್ಕೆ ಬಾಲಕಾರ್ಮಿಕ ಕಾಯ್ದೆಯನ್ನು ಇಟ್ಟು ನೋಡಿ. 2016ರ ತಿದ್ದುಪಡಿ ಪ್ರಕಾರ 14ರ ಒಳಗಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ (ಮನೆಯವರ ಕಸುಬಿಗೆ ವಿನಾಯಿತಿ ಇದೆ, ಅದು ಬೇರೆ ಕಥೆ), 14 ದಾಟಿದರೆ ಅಪಾಯದ ಕೆಲಸ ಒಂದು ಬಿಟ್ಟು ಉಳಿದದ್ದು ಮಾಡಿಸಬಹುದು. ಅಂದರೆ ಶಾಲೆಯ ಹಕ್ಕು ಮುಗಿಯುವ ವಯಸ್ಸಿಗೆ ಸರಿಯಾಗಿ ಕೂಲಿ ಶುರು! ಓಟು ಹಾಕಲು 18, ಹುಡುಗಿಯ ಮದುವೆಗೆ 18. ನಡುವಿನ ನಾಲ್ಕು ವರ್ಷ ಆ ಮಗು ಏನು ಮಾಡಬೇಕು?

"ಸರ್ಕಾರಿ ಹೈಸ್ಕೂಲಿದೆಯಲ್ಲ, ಪುಸ್ತಕ ಫ್ರೀ, ಊಟ ಫ್ರೀ" ಅನ್ನುತ್ತೀರಿ, ಗೊತ್ತು. ನಾನೂ ಅಲ್ಲೇ ಓದಿದವನು. ನಮ್ಮೂರ ಶಾಲೆ ಏಳಕ್ಕೇ ಮುಗಿಯುತ್ತಿತ್ತು, ಎಂಟಕ್ಕೆ ಆರು ಕಿಲೋಮೀಟರ್ ದೂರದ ಹೋಬಳಿಗೆ ಹೋಗಬೇಕು. ನನ್ನ ಜೊತೆ ಏಳು ಪಾಸಾದ ಹುಡುಗಿಯರಲ್ಲಿ ಎಷ್ಟೋ ಜನ "ಒಬ್ಬಳನ್ನೇ ಹೇಗೆ ಕಳಿಸೋದು" ಅನ್ನುವ ಒಂದೇ ಮಾತಿಗೆ ಮನೆಯಲ್ಲಿ ಉಳಿದರು. ಅವರಿಗೆ ಅಡ್ಡ ಬಂದದ್ದು ಆ ದಾರಿ, ಫೀಸು ಆಮೇಲಿನ ಮಾತು. 2006-07ರಿಂದ ಎಂಟನೇ ಕ್ಲಾಸಿನವರಿಗೆ ಸರ್ಕಾರ ಸೈಕಲ್ ಕೊಡಲು ಶುರು ಮಾಡಿತು ನೋಡಿ, ನನ್ನ ತಂಗಿಯ ಓರಗೆಯವರು ಐದಾರು ಜನ ಒಟ್ಟಿಗೆ ತುಳಿದುಕೊಂಡು ಹೋಗುತ್ತಿದ್ದರು, ಆಗ ಯಾರ ಮನೆಯಲ್ಲೂ ತಕರಾರಿಲ್ಲ. ಕೊರೊನಾ ಬಂತು, ಸೈಕಲ್ ನಿಂತಿತು. 2023ರಿಂದ ಹೆಣ್ಣುಮಕ್ಕಳಿಗೆ ಬಸ್ ಫ್ರೀ, ಒಳ್ಳೆಯದೇ, ಆದರೆ ಸ್ಕೂಲ್ ಟೈಮಿಗೆ ನಮ್ಮೂರಿಗೆ ಬಸ್ಸೇ ಬರಲ್ಲ ಮಾರಾಯ್ರೇ.

ಹಾಗಾಗಿ ಹನ್ನೆರಡನೇ ಕ್ಲಾಸಿನವರೆಗೆ ಉಚಿತ ಅಂತ ಕಾಯ್ದೆಯಲ್ಲೇ ಬರೆಯಬೇಕು, ಹೋಗಿಬರುವ ವ್ಯವಸ್ಥೆಯೂ ಆ "ಉಚಿತ"ದ ಒಳಗೇ ಇರಬೇಕು, ಹತ್ತಕ್ಕೆ ನಿಲ್ಲುವ ಬಿಸಿಯೂಟ ಪಿಯುಗೂ ಬರಬೇಕು. 2020ರ ಶಿಕ್ಷಣ ನೀತಿಯಲ್ಲಿ ಹನ್ನೆರಡರವರೆಗೆ ಅಂತ ಇದೆ, ನಿಜ. ಆದರೆ ನೀತಿ ಹಿಡಿದುಕೊಂಡು ಇಸ್ತ್ರಿಯವರು ಯಾವ ಆಫೀಸಿನಲ್ಲಿ ಜಗಳ ಆಡೋದು? ದುಡ್ಡೆಲ್ಲಿ ಅಂತ ಕೇಳುವವರಿಗೆ: ದೇಶದ ಆದಾಯದಲ್ಲಿ 6% ಶಿಕ್ಷಣಕ್ಕೆ ಖರ್ಚು ಮಾಡಿ ಅಂತ ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು. 2020ರಲ್ಲೂ ಅದೇ 6% ಅನ್ನು ಮತ್ತೆ ಬರೆದುಕೊಂಡಿದ್ದೇವೆ.

ಹುಡುಗಿ ಕೊನೆಗೆ ಟಿಸಿ ತಗೊಂಡು ಸರ್ಕಾರಿ ಹೈಸ್ಕೂಲು ಸೇರಿದಳು, ಕನ್ನಡ ಮೀಡಿಯಂ. ಮೊನ್ನೆ ಬಟ್ಟೆ ಕೊಡಲು ಬಂದವಳು ಗೇಟಿನಲ್ಲೇ ನಿಂತು "ಅಂಕಲ್, ಬಹುಪದೋಕ್ತಿ ಅಂದ್ರೆ ಪಾಲಿನಾಮಿಯಲ್ಲಾ?" ಅಂತ ಕೇಳಿದಳು. ನಾನು ಗೂಗಲ್ ಮಾಡಿ ಹೌದು ಅಂದೆ.