ಹೋಕಿನ್ ದಿಯಾಸ್ ಹಾಡು ಬಿಟ್ಟಿಲ್ಲ, ವೇದಿಕೆ ಬಿಟ್ಟರು

1947ರಲ್ಲಿ ಸ್ಪೇನಿನ ಸಮೋರಾದಲ್ಲಿ ಹುಟ್ಟಿದ ಜನಪದ ಗಾಯಕ ಹೋಕಿನ್ ದಿಯಾಸ್ 1970ರ ದಶಕದ ನಡುವೆ 'ಸಂಗೀತ ತೊರೆದರು' ಎಂದು ಅವರ ಬಗೆಗಿನ ಒಂದು ಲೇಖನದಲ್ಲಿದೆ. ತೊರೆದದ್ದು ಕಛೇರಿಗಳನ್ನು ಮಾತ್ರ. 1980ರಲ್ಲಿ 'ರೆವಿಸ್ತಾ ದೆ ಫೋಕ್ಲೋರೆ' ಎಂಬ ಜಾನಪದ ಪತ್ರಿಕೆ ಶುರುಮಾಡಿದರು. ವಯ್ಯಾದೊಲಿದ್ ಪ್ರಾಂತ್ಯದ ಉರುವೆನ್ಯಾ ಎಂಬ ಕೋಟೆಯೂರಿನಲ್ಲಿ ಅವರ ಹೆಸರಿನ ಪ್ರತಿಷ್ಠಾನವೇ ಇದೆ, ಹಳೆಯ ವಾದ್ಯಗಳ ಸಂಗ್ರಹದ ಸಮೇತ.

ಅವರು ಹಾಡಿದ 'ರೊಮಾನ್ಸೆ' ಎಂಬ ಸ್ಪ್ಯಾನಿಷ್ ಲಾವಣಿಗಳನ್ನು ಕಲಿಯುವವರು ಎಡವುವುದು ಲೆಕ್ಕದಲ್ಲಿ. ಸಾಲಿಗೆ 8 ಉಚ್ಚಾರಾಂಶ. ಸಮಸಾಲುಗಳ (2, 4, 6ನೆಯವು) ಕೊನೆಯಲ್ಲಿ ಸ್ವರಪ್ರಾಸ, ಅಂದರೆ ಸ್ವರಗಳು ಮಾತ್ರ ಹೊಂದುವ ಪ್ರಾಸ. 'ಕೆ ಪೊರ್ ಮಾಯೊ ಎರಾ ಪೊರ್ ಮಾಯೊ' ಎಂಬ ಹಳೆಯ ಸಾಲನ್ನು ಬರೆದಂತೆ ಎಣಿಸಿದರೆ 9 ಆಗುತ್ತದೆ. 'ಯೊ', 'ಎ' ಎರಡನ್ನೂ ಒಂದೇ ಉಸಿರಿಗೆ ಕೂಡಿಸಿ ಹಾಡಬೇಕು, ನಮ್ಮ ಸಂಧಿಯ ಹಾಗೆ. ಬಿಡಿಸಿದರೆ ತಾಳ ಜಾರುತ್ತದೆ. ಸಾಲಿನ ಕೊನೆಯ ಪದದ ಒತ್ತು ಕಡೆಯ ಉಚ್ಚಾರಾಂಶಕ್ಕೆ ಬಿದ್ದರೆ ಮಾತ್ರ, ಸಾಲಿನಲ್ಲಿರುವ 7 ಉಚ್ಚಾರಾಂಶಕ್ಕೆ 1 ಸೇರಿಸಿ 8 ಎಂದು ಎಣಿಸಿ.